ಜಗಲಿ ಮೇಲೆ ಕೂತ ಕಂತಿನವನು

ಆಲೆಮನೆಯಲ್ಲಿ ಜಾರಿ ಬಿದ್ದು ನಮ್ಮ ಯಜಮಾನರ ಕಾಲು ಮುರಿದಾಗ ನನ್ನ ಹೆಸರಲ್ಲಿ ಎರಡು ಸಂಘದ ಸಾಲ ಇತ್ತು, ಮೈಕ್ರೋಫೈನಾನ್ಸ್ ಕಂಪನಿ ಹೆಂಗಸರ ಗುಂಪು ಕಟ್ಟಿ ಕೊಡುತ್ತಲ್ಲ, ಅದು. ಒಂದು ಹೊಲಿಗೆ ಮಷಿನ್‌ಗೆ, ಇನ್ನೊಂದು ಮಗಳ ಕಾಲೇಜಿಗೆ. ಒಂದು ತಿಂಗಳು ಹೇಗೋ ಕೈಸಾಲ ಮಾಡಿ ಕಟ್ಟಿದೆ. ಮುಂದಿನ ತಿಂಗಳು ಒಂದು ಕಂತು ತಪ್ಪಿತು.

ಅವತ್ತೇ ರಾತ್ರಿ ಏಳೂಮುಕ್ಕಾಲಿಗೆ ಕಂಪನಿ ಹುಡುಗ ಬಂದು ಜಗಲಿ ಮೇಲೆ ಕೂತ. "ದುಡ್ಡು ಇಟ್ಟರೆ ಏಳ್ತೀನಕ್ಕ" ಅಂದ. ಕೂಗಾಡಲಿಲ್ಲ, ಬೈಯಲಿಲ್ಲ. ಬೀದಿಯವರಿಗೆಲ್ಲ ಕಾಣೋ ಹಾಗೆ ಕೂತರೆ ಸಾಕು, ಅಲ್ವಾ? ಜೊತೆಗೆ ನಮ್ಮ ಸಂಘದ ಇಬ್ಬರನ್ನೂ ಕರೆತಂದಿದ್ದ. "ನೀನು ಕಟ್ಟದಿದ್ರೆ ನಮಗೂ ಸಾಲ ಸಿಗಲ್ವಂತೆ ಕಣೆ" ಅಂದಳು ಒಬ್ಬಳು. ಅವನಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು. ಒಳಗೆ ಬಂದರೆ ಅತ್ತೆ ಕಿವಿಯ ಓಲೆ ತಿರುಪು ಬಿಚ್ಚುತ್ತಾ ಇದ್ದರು. ಕೈ ಹಿಡಿದು ನಿಲ್ಲಿಸಿದೆ. ಅವನು ಎದ್ದು ಹೋದಾಗ ಹತ್ತು ಗಂಟೆ.

ಮಾರನೇ ದಿನ ಮದ್ದೂರು ಕೋರ್ಟಿನ ಹತ್ತಿರ ಇರುವ ಕಾನೂನು ಸೇವಾ ಸಮಿತಿಗೆ ಹೋದೆ. ಹೆಂಗಸರಿಗೆ ಅಲ್ಲಿ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಅಲ್ಲಿನ ವಕೀಲಮ್ಮ ಮೊದಲು ಕೇಳಿದ್ದು, "ಲೋನ್ ಕಾರ್ಡ್ ಎಲ್ಲಮ್ಮ?" ಅದು ಬೀರುವಿನಲ್ಲಿ ರೇಷ್ಮೆ ಸೀರೆ ಮಡಿಕೆಯೊಳಗಿತ್ತು. ತಂದು ತೋರಿಸಿದೆ. ಒಂದು ಮೂಲೆಯಲ್ಲಿ ಕಂಪನಿಯ ನೋಡಲ್ ಅಧಿಕಾರಿಯ, ಅಂದರೆ ಸಾಲಗಾರರ ದೂರು ನೋಡುವವರ, ಹೆಸರು, ನಂಬರ್, ಸಣ್ಣ ಅಕ್ಷರದಲ್ಲಿ. ಒಂದೂವರೆ ವರ್ಷ ನಾನು ಅದನ್ನು ಓದಿಯೇ ಇರಲಿಲ್ಲ!

ವಕೀಲಮ್ಮ ಹೇಳಿದ್ದು ಕೇಳಿ ನಗುನೂ ಬಂತು, ಸಿಟ್ಟೂ ಬಂತು. ಸಂಘದ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಿ ಪೀಡಿಸುವ ಹಾಗಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸತತ ಎರಡು ಸಲ ನಾವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ನನ್ನದು ತಪ್ಪಿದ್ದು ಒಂದೇ. ಮನೆಯವರನ್ನು, ನೆರೆಯವರನ್ನು ಎಳೆದು ತರುವುದೂ ತಪ್ಪು.

ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಕಂತು ಆಗುವಷ್ಟು ಸಾಲ ಕೊಡಬಾರದು ಅಂತಲೂ ಇದೆ. ಲೆಕ್ಕ ಹಾಕಿದೆವು. ನಮ್ಮದು ಸಾಲ ತಗೊಂಡಾಗ ಅರ್ಧಕ್ಕಿಂತ ಕಮ್ಮಿಯೇ ಇತ್ತು, ಆ ದಾರಿ ಮುಚ್ಚಿತು. 2025ರ ಫೆಬ್ರವರಿಯಲ್ಲಿ ಇಂಥ ಸಾಲ ವಸೂಲಿಯ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಊರಲ್ಲೆಲ್ಲ ಸಾಲ ಮನ್ನಾ ಅಂತ ಗುಲ್ಲೆದ್ದಿತ್ತು. ನಮ್ಮ ಕಂಪನಿ ಥರ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗೆ ಅದು ಅನ್ವಯಿಸಲ್ಲ. ಹಾಗಾಗಿ ಸುಮ್ನೆ ಕೂರುವ ಹಾಗಿರಲಿಲ್ಲ, ಸಾಲ ನನ್ನದೇ.

ಮಗಳ ಹಳೇ ನೋಟ್ ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ತಾರೀಖು, ಗಂಟೆ, ಯಾರು ಬಂದರು, ಏನಂದರು, ಪಕ್ಕದಲ್ಲಿ ಯಾರಿದ್ದರು. ಫೋನ್ ಬಂದರೆ ರೆಕಾರ್ಡ್. ನಂತರ ನೋಡಲ್ ಅಧಿಕಾರಿಗೆ ಅರ್ಜಿ ಬರೆದೆ. ನಡೆದದ್ದನ್ನು ಇದ್ದ ಹಾಗೇ ಬರೆದು, ಕೊನೆಗೆ ಒಂದು ಮಾತು ಸೇರಿಸಿದೆ: ಕಟ್ಟುತ್ತೇನೆ, ಕಂತು ಸಣ್ಣದು ಮಾಡಿಕೊಡಿ. ಆಸ್ಪತ್ರೆ ಚೀಟಿಯ ಜೆರಾಕ್ಸ್ ಇಟ್ಟು ರಿಜಿಸ್ಟರ್ ಪೋಸ್ಟ್ ಮಾಡಿದೆ. ರಶೀದಿ ಈಗಲೂ ಇದೆ.

ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ, ಇಲ್ಲಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೂ ಕಾಸಿಲ್ಲ. ಸಹಾಯವಾಣಿ 14448. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಇಪ್ಪತ್ತೆರಡನೇ ದಿನ ಮಂಡ್ಯದಿಂದ ಮ್ಯಾನೇಜರ್ ಫೋನ್ ಮಾಡಿ "ಏನಮ್ಮ, ಹೇಳೋದಲ್ವಾ" ಅಂದರು. ಹೇಳೋಕೆ ಬಿಟ್ಟಿದ್ದರೆ ತಾನೇ! ಕಂತು ಅರ್ಧ ಆಯಿತು, ಅವಧಿ ಉದ್ದವಾಯಿತು. ಬಡ್ಡಿ ಜಾಸ್ತಿ ಬೀಳುತ್ತೆ ಅಂತ ಗೊತ್ತಿದ್ದೇ ಒಪ್ಪಿದೆ.

ಸಂಘದವರ ಜೊತೆ ಮಾತು ಸರಿಹೋಗೋಕೆ ಇನ್ನೂ ಮೂರು ತಿಂಗಳು ಹಿಡಿಯಿತು.

ಮೊನ್ನೆ ಅದೇ ಹುಡುಗ ದುಡ್ಡು ಎಣಿಸಿಕೊಂಡು, ಕಾರ್ಡಿನಲ್ಲಿ ಬರೆಯದೆ ಬೈಕ್ ಸ್ಟಾರ್ಟ್ ಮಾಡಿದ. "ಬಾ ಕಣಪ್ಪ ಇಲ್ಲಿ" ಅಂತ ಕರೆದು, ಬರೆಸಿ, ಸಹಿ ಹಾಕಿಸಿಕೊಂಡೆ.