ಹೈಸ್ಕೂಲು ಮಕ್ಕಳಿಗೆ ಓದಿದ್ದು ತಲೆಯಲ್ಲಿ ನಿಲ್ಲದಿದ್ದರೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಪೋಷಕರೇ, ಟೀಚರುಗಳೇ, ಕಲಿಕಾ ನ್ಯೂನತೆ (ಬುದ್ಧಿ ಇದ್ದರೂ ಓದು, ಬರಹ, ಲೆಕ್ಕದಲ್ಲಿ ತೊಡಕು) ಇರುವ ಮಕ್ಕಳಿಗೆ ಒಂದೇ ಪಾಠವನ್ನು ಹತ್ತು ಸಲ ಓದಿಸುವ ಬದಲು ಓದುವ ಉಪಾಯವನ್ನೇ ಕಲಿಸಿ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಹದಿಹರೆಯದವರಿಗೆಂದೇ ರೂಪಿಸಿದ ಕ್ರಮದಲ್ಲಿ ಮೂರೇ ಹೆಜ್ಜೆ: ಒಂದು ಪ್ಯಾರಾ ಓದು, ಮುಖ್ಯ ವಿಷಯ ಯಾವುದು, ಅದರ ಎರಡು ವಿವರ ಯಾವುವು ಎಂದು ನಿನ್ನನ್ನೇ ಕೇಳಿಕೊ, ಸ್ವಂತ ಮಾತಲ್ಲಿ ಹೇಳು.

ಮೊದಲು ನೀವೇ ಮಾಡಿ ತೋರಿಸಬೇಕು, ಮನಸ್ಸಿನೊಳಗೆ ನಡೆಯುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ. ಇದನ್ನು ದಯವಿಟ್ಟು ಬಿಡಬೇಡಿ. ಆಮೇಲೆ ಮಕ್ಕಳು ಹೆಜ್ಜೆಗಳನ್ನು ಬಾಯಿಪಾಠ ಮಾಡಲಿ. ಅಭ್ಯಾಸಕ್ಕೆ ಸುಲಭದ ಪಾಠ ಕೊಡಿ, ಎಂಟನೆಯವನಿಗೆ ಐದನೆಯದ್ದಾದರೂ ಸರಿ. ಅದು ಸಲೀಸಾದ ಮೇಲೆ ಅವನ ಸಮಾಜ ವಿಜ್ಞಾನಕ್ಕೆ ಬನ್ನಿ.

ನಮ್ಮಲ್ಲಿ ಮನೆಮಾತು ತುಳು, ಕೊಂಕಣಿ, ಮಲಯಾಳ, ಹವ್ಯಕ. ಮೂರನೆಯ ಹೆಜ್ಜೆ ಮನೆಮಾತಲ್ಲೇ ಆಗಲಿ. ಅರ್ಥವಾಗಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ‘ಅವನಿಗೆ ಉದಾಸೀನ’ ಎಂದು ಮಾತ್ರ ಬೈಯಬೇಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎಸ್ಸೆಸ್ಸೆಲ್ಸಿಗೆ ಹೆಚ್ಚು ಸಮಯ, ಬರೆಯುವವರ ನೆರವು ಬೇಕಿದ್ದರೆ ಹತ್ತಕ್ಕೆ ಬರುವ ಮುಂಚೆಯೇ ಶಾಲೆಯಲ್ಲಿ ವಿಚಾರಿಸಿ.