ಕರಾವಳಿಯ ಸೆಕೆಯಲ್ಲಿ ದ್ರವ ಸಾರಜನಕದ ಪೈಪಿಗೆ ಇನ್ಸುಲೇಷನ್

ದ್ರವ ಸಾರಜನಕ ಕುದಿಯುವುದು -196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಳೆಗಾಲದಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಶೆಡ್ಡಿನೊಳಗೆ 30 ಡಿಗ್ರಿ ಸೆಕೆ, ಶೇ 85 ತೇವ ಇದ್ದರೆ ಆ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ನೀರಾಗಿ ಕೂರತೊಡಗುವ ಉಷ್ಣತೆ, ಸುಮಾರು 27. ಇನ್ಸುಲೇಷನ್ನಿನ ಹೊರಮೈ ಗಾಳಿಗಿಂತ ಮೂರೇ ಡಿಗ್ರಿ ತಣ್ಣಗಾದರೂ ಬೆವರತೊಡಗುತ್ತದೆ. ಬಳ್ಳಾರಿಯ ಒಣ ಹವೆಯಲ್ಲಿ 1 ಇಂಚಿನ ಪೈಪಿಗೆ 50 ಮಿ.ಮೀ. ಪಿಐಆರ್ (ಪಾಲಿಐಸೊಸಯನುರೇಟ್ ಎಂಬ ಗಟ್ಟಿ ಪ್ಲಾಸ್ಟಿಕ್) ಫೋಮ್ ಸಾಕು. ಇಲ್ಲಿ 100 ಮಿ.ಮೀ. ಹಾಕಿ. ಮೇಲೆ ಹೊದೆಸುವ ಹೊಳೆಯುವ ಅಲ್ಯೂಮಿನಿಯಂ ಹಾಳೆ ನೋಡಲು ಚೆಂದ, ಆದರೆ ಸುತ್ತಲಿನ ಶಾಖವನ್ನು ಹೀರದೆ ಇನ್ನಷ್ಟು ತಣ್ಣಗಾಗುತ್ತದೆ. ಮಾಸಲು ಬಣ್ಣ ಬಳಿದ ಹಾಳೆ ಕಡಿಮೆ ಬೆವರುತ್ತದೆ.

ಪೈಪು 304ಎಲ್ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಸಾದಾ ಕಬ್ಬಿಣದ ಪೈಪು ಈ ಚಳಿಗೆ ಗಾಜಿನಂತೆ ಒಡೆಯುತ್ತದೆ. ತಣ್ಣಗಾದಾಗ ಸ್ಟೇನ್‌ಲೆಸ್ ಸ್ಟೀಲ್ ಮೀಟರಿಗೆ ಸುಮಾರು 3 ಮಿ.ಮೀ. ಕುಗ್ಗುತ್ತದೆ, ಅಂದರೆ 20 ಮೀಟರ್ ಲೈನಿಗೆ 6 ಸೆಂ.ಮೀ. ನೇರ ಓಟದಲ್ಲಿ ಒಂದೇ ಕಡೆ ಗಟ್ಟಿಯಾಗಿ ಹಿಡಿಸಿ, ಉಳಿದ ಸಪೋರ್ಟುಗಳ ಮೇಲೆ ಜಾರಲು ಬಿಡಿ, ಮಧ್ಯೆ ಯು-ಬೆಂಡ್ ಕೊಡಿ. ಬರಿ ಪೈಪಿಗೆ ಕ್ಲ್ಯಾಂಪ್ ಹಾಕಿದರೆ ಅಲ್ಲೊಂದು ಮಂಜಿನ ಗಡ್ಡೆ ಖಂಡಿತ. ನಡುವೆ ಹೆಚ್ಚು ಸಾಂದ್ರತೆಯ ಪಿಯುಎಫ್ (ಪಾಲಿಯುರೆಥೇನ್ ಫೋಮ್) ಬ್ಲಾಕ್ ಇಡಿ.

ಲೀಕ್ ಟೆಸ್ಟಿಗೆ ನೀರು ಬೇಡ. ವಾಲ್ವಿನ ಸೀಟಿನಲ್ಲಿ ಉಳಿದ ಹನಿ ಹೆಪ್ಪುಗಟ್ಟಿ ವಾಲ್ವು ಜಾಮ್ ಆಗುತ್ತದೆ. ಒಣ ಸಾರಜನಕ ಅನಿಲದಿಂದ, ವಿನ್ಯಾಸ ಒತ್ತಡದ 1.1 ಪಟ್ಟಿನಲ್ಲಿ ಪರೀಕ್ಷಿಸಿ. ಆ ಹೊತ್ತಿಗೆ ಹತ್ತಿರ ಯಾರೂ ನಿಲ್ಲಬಾರದು. ಹೊರಬರುವ ಅನಿಲದ ಇಬ್ಬನಿ ಬಿಂದು -40ಕ್ಕೆ ಇಳಿಯುವವರೆಗೂ ಪರ್ಜ್ ಮಾಡಿ, ಅಂದರೆ ಒಣ ಅನಿಲ ಹಾಯಿಸಿ ಒಳಗಿನ ತೇವ ಹೊರದೂಡಿ. ಎರಡು ವಾಲ್ವುಗಳ ನಡುವೆ ದ್ರವ ಸಿಕ್ಕಿಬೀಳುವ ಪ್ರತಿ ತುಂಡಿಗೂ ಒತ್ತಡ ಏರಿದರೆ ತಾನೇ ತೆರೆಯುವ ರಿಲೀಫ್ ವಾಲ್ವು ಬೇಕೇ ಬೇಕು, ಏಕೆಂದರೆ 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಸಾರಜನಕ ತುಂಬಿದ ಕೋಣೆಯಲ್ಲಿ ಉಸಿರಾಡಲು ಆಮ್ಲಜನಕ ಸಾಲದು, ಹಾಗಾಗಿ ಆ ವಾಲ್ವಿನ ಬಾಯಿ ಬಯಲಿಗಿರಲಿ, ಕೋಣೆಯೊಳಗೆ ಆಮ್ಲಜನಕ ಮೀಟರ್ ಇರಲಿ.

ಫೋಮನ್ನು 50 ಮಿ.ಮೀ.ನ ಎರಡು ಪದರವಾಗಿ ಕೂರಿಸಿ, ಮೇಲಿನ ಜೋಡು ಕೆಳಗಿನ ಜೋಡಿನ ಮೇಲೆ ಬರಬಾರದು. ಒಳಪದರವನ್ನು ಪೈಪಿಗೆ ಅಂಟಿಸಬೇಡಿ. ಅಂಟಿಸಿದರೆ ಪೈಪು ಕುಗ್ಗಿದಾಗ ಫೋಮ್ ಹರಿದುಹೋಗುತ್ತದೆ. ಹೊರಪದರದ ಜೋಡುಗಳಿಗೆ ಮಾಸ್ಟಿಕ್ (ಸಂದು ಮುಚ್ಚುವ ಅಂಟು ಮೇಣ) ತುಂಬಿ. ಅದರ ಮೇಲೆ ತೇವ ಒಳಹೋಗದಂತೆ ತಡೆಯುವ ವೇಪರ್ ಬ್ಯಾರಿಯರ್: ಗ್ಲಾಸ್ ಕ್ಲಾತ್ ಹುದುಗಿಸಿದ ಮಾಸ್ಟಿಕ್ ಅಥವಾ ಫಾಯಿಲ್ ಲ್ಯಾಮಿನೇಟ್, ಜೋಡಿನಲ್ಲಿ 50 ಮಿ.ಮೀ. ಅತಿಕ್ರಮಣದೊಂದಿಗೆ. ಇಡೀ ಕೆಲಸ ನಿಂತಿರುವುದು ಈ ಪದರದ ಮೇಲೆ. ಪೈಪಿನ ಮೈಯಲ್ಲಿ ನೀರಾವಿಯ ಒತ್ತಡ ಸೊನ್ನೆಗೆ ಹತ್ತಿರ, ಆದ್ದರಿಂದ ಸೂಜಿಯಷ್ಟು ತೂತಿದ್ದರೂ ಹೊರಗಿನ ತೇವ ಹಗಲೂ ರಾತ್ರಿ ಒಳಗೆ ನುಗ್ಗಿ ಮಂಜುಗಡ್ಡೆಯಾಗುತ್ತದೆ. ಮಂಜುಗಡ್ಡೆ ಫೋಮಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ! ವಾಲ್ವುಗಳ ಪಕ್ಕದಲ್ಲಿ, ಓಟದ ನಡುನಡುವೆ ಬ್ಯಾರಿಯರನ್ನು ಪೈಪಿನವರೆಗೂ ಇಳಿಸಿ ಮುಚ್ಚಿ. ಒಂದು ಭಾಗ ಕೆಟ್ಟರೂ ಪಕ್ಕದ್ದು ಉಳಿಯುತ್ತದೆ.

ಕ್ಲ್ಯಾಡಿಂಗ್ ಹಾಳೆಗಳನ್ನು (ಎಲ್ಲಕ್ಕಿಂತ ಹೊರಗಿನ ಲೋಹದ ಹೊದಿಕೆ) ಮಂಗಳೂರು ಹೆಂಚು ಹೊದೆಸುವ ಲೆಕ್ಕದಲ್ಲೇ ಜೋಡಿಸಿ: ಉದ್ದದ ಜೋಡು ಪೈಪಿನ ಬದಿಯಲ್ಲಿರಲಿ, ಬಾಯಿ ಕೆಳಗೆ. ಸ್ಕ್ರೂ ಹೊಡೆಯಬೇಡಿ, ಸ್ಟೀಲ್ ಪಟ್ಟಿ ಬಿಗಿಯಿರಿ. ಒಂದು ಸ್ಕ್ರೂ ಬ್ಯಾರಿಯರನ್ನು ಚುಚ್ಚಿದರೆ ಮೇಲೆ ಹೇಳಿದ ತೂತು ನಿಮ್ಮ ಕೈಯಾರೆ ಆದಂತೆ. ಇದೆಲ್ಲ ಪತ್ತನಾಜೆಯೊಳಗೆ (ಮೇ ಕೊನೆಗೆ, ಮಳೆಗೆ ಮುಂಚೆ ಬರುವ ತುಳುನಾಡಿನ ದಿನ) ಮುಗಿಯಲಿ. ಒದ್ದೆ ಫೋಮಿನ ಮೇಲೆ ಬ್ಯಾರಿಯರ್ ಹಾಕಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಬೋಲ್ಟು ಹಾಕಿ ಪೈಪು ಜೋಡಿಸುವ ಫ್ಲ್ಯಾಂಜುಗಳನ್ನು ಮಾತ್ರ, ಲೈನನ್ನು ಒಮ್ಮೆ ತಣ್ಣಗಾಗಿಸಿ ನೋಡಿದ ಮೇಲೆ, ಕೊನೆಗೆ ಮುಚ್ಚಿ. ಮೊದಲು ತಣ್ಣನೆ ಅನಿಲ, ನಂತರ ಸ್ವಲ್ಪಸ್ವಲ್ಪವೇ ದ್ರವ ಬಿಡಿ. ಅವಸರ ಮಾಡಿದರೆ ಪೈಪಿನ ತಳ ಮಾತ್ರ ತಣ್ಣಗಾಗಿ ಬಾಳೆಹಣ್ಣಿನಂತೆ ಬಾಗುತ್ತದೆ. ತಣ್ಣಗಾದ ಮೇಲೆ ಒತ್ತಡ ಇಳಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬರಿ ಲೋಹದಿಂದ ಆಗ ತೊಟ್ಟಿಕ್ಕುವುದು ಬರೇ ನೀರಲ್ಲ, ಆಮ್ಲಜನಕ ಹೆಚ್ಚಿರುವ ದ್ರವರೂಪದ ಗಾಳಿ. ಕೆಳಗೆ ಎಣ್ಣೆ, ಹತ್ತಿಬಟ್ಟೆ, ಹಲಗೆ ಇರಬಾರದು. ದ್ರವ ಆಮ್ಲಜನಕದ ಲೈನಾದರೆ ಉರಿಯುವ ಫೋಮೇ ಬೇಡ, ಉರಿಯದ ಸೆಲ್ಯುಲರ್ ಗ್ಲಾಸ್ (ಗಾಜಿನ ನೊರೆಯ ತುಂಡು) ಹಾಕಿ.

ದಿನವಿಡೀ ಓಡುವ ಉದ್ದದ ಲೈನಿಗೆ ವ್ಯಾಕ್ಯೂಮ್ ಜಾಕೆಟ್ ಪೈಪೇ (ಪೈಪಿನೊಳಗೊಂದು ಪೈಪು, ನಡುವೆ ನಿರ್ವಾತ) ಲೇಸು. ಅದರ ಜೋಡಿನಲ್ಲಿ ಮಾತ್ರ ತುಸು ಬೆವರಿದರೆ ಗಾಬರಿ ಬೇಡ. ಒಂದು ತುಂಡು ತುದಿಯಿಂದ ತುದಿಗೆ ಬೆವರಿದರೆ ವ್ಯಾಕ್ಯೂಮ್ ಹೋಗಿದೆ.

ಫೋಮ್ ಲೈನನ್ನು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯ ತುಳು ತಿಂಗಳು) ಒಮ್ಮೆ ಉದ್ದಕ್ಕೂ ನಡೆದು ನೋಡಿ. ಹಾಳೆಯ ಮೇಲೆ ಒಂದೇ ಕಡೆ ಪಾಚಿ ಕಟ್ಟಿದ್ದರೆ ಅಲ್ಲಿ ಒಳಗೆ ಮಂಜುಗಡ್ಡೆ ಇದೆ ಎಂದೇ ತಿಳಿಯಿರಿ. ಮೇಲಿಂದ ಸಿಲಿಕೋನ್ ಸವರಿ ಬಿಡಬೇಡಿ. ಲೈನ್ ನಿಲ್ಲಿಸಿ, ಬೆಚ್ಚಗಾಗಲು ಬಿಟ್ಟು, ಒಣ ಫೋಮ್ ಸಿಗುವವರೆಗೂ ಕೊಯ್ದು ಹೊಸದನ್ನು ಕೂರಿಸಿ.