ಮಳೆ ಸಂಜೆಗೆ ಮನೆಯಲ್ಲೇ ಗರಿಗರಿ ಗೋಬಿ ಮಂಚೂರಿ

ಹಾಸನದಲ್ಲಿ ಸಂಜೆ ಜಿಟಿಜಿಟಿ ಮಳೆ ಶುರುವಾದರೆ ನಮ್ಮ ಮನೆ ಮಕ್ಕಳ ಬಾಯಲ್ಲಿ ಒಂದೇ ಮಾತು, ಗೋಬಿ. ಭಾನುವಾರ ಎಲ್ಲರೂ ಸೇರಿ ಮನೆಯಲ್ಲೇ ಮಾಡಿ, ಆ ಖುಷಿಯೇ ಬೇರೆ.

ಹೂಕೋಸು ಬಿಡಿಸುವ ಕೆಲಸ ಮಕ್ಕಳಿಗೆ ಕೊಡಿ. ಉಪ್ಪು, ಅರಿಶಿನ ಹಾಕಿದ ಬಿಸಿನೀರಲ್ಲಿ 5 ನಿಮಿಷ ಬಿಡಿ, ಹುಳ ಇದ್ದರೆ ಹೊರಗೆ ಬರುತ್ತವೆ. ಆಮೇಲೆ ಬಟ್ಟೆ ಮೇಲೆ ಹರಡಿ ಚೆನ್ನಾಗಿ ಆರಿಸಿ. ಇಲ್ಲಿ ಅವಸರ ಬೇಡ, ನೀರು ಉಳಿದರೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ.

ಅರ್ಧ ಕಪ್ ಮೈದಾ, ಕಾಲು ಕಪ್ ಕಾರ್ನ್ ಫ್ಲೋರ್, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಉಪ್ಪು ಸೇರಿಸಿ ನೀರು ಹಾಕಿ ಕಲಸಿ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಲಿ. ಕೆಂಪಿಗೆ ಬ್ಯಾಡಗಿ ಮೆಣಸಿನ ಪುಡಿ ಸಾಕು. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರವೇ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ, ಮನೆಯಲ್ಲಿ ಅದು ಯಾಕೆ ಅಲ್ವಾ?

ಹೂಕೋಸನ್ನು ಈ ಹಿಟ್ಟಲ್ಲಿ ಅದ್ದಿ, ಎಣ್ಣೆಯಲ್ಲಿ ಎರಡು ಸಲ ಕರಿಯಿರಿ. ಮೊದಲು ನಡು ಉರಿಯಲ್ಲಿ ಬೇಯುವವರೆಗೆ, ಆರಿದ ಮೇಲೆ ಜೋರು ಉರಿಯಲ್ಲಿ ಒಂದೇ ನಿಮಿಷ, ತಟ್ಟೆಗೆ ಸುರಿದಾಗ ಕಟಕಟ ಸದ್ದು ಬರಬೇಕು. ಇನ್ನೊಂದು ಬಾಣಲೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಕ್ಯಾಪ್ಸಿಕಂ ಬಾಡಿಸಿ 1 ಚಮಚ ಸೋಯಾ ಸಾಸ್, 2 ಚಮಚ ಟೊಮೆಟೊ ಸಾಸ್ ಹಾಕಿ. ಅಜ್ಜಿ, ತಾತ ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೇ ಗೋಬಿ ಹಾಕಿ ಕಲಸಿ, ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ.